ನೀರು ಕುಡಿಯುವ ಹಗೇವು

ಮಾಯವ್ವ ತನ್ನ ಬಿದ್ದ ಮನೆಯ ನಡುವೆ ನಿಂತು ಮೊದಲ ಗುದ್ದಲಿ ಹಾಕಿದ ದಿನ, ಅಂತೂ ಈ ಹೆಣ್ಣುಮಗಳು ಅಡಿಪಾಯ ತೆಗೆಯುತ್ತಿದ್ದಾಳೆ ಎಂದು ಓಣಿಯವರು ಸಮಾಧಾನಪಟ್ಟರು. ಅವರು ಹಾಗೆಂದುಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು. ಮನೆ ಕಟ್ಟುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ ಒಂದು. ಎದುರು ಮನೆಯ ಅಪ್ಪಾಸಾಬ ಓಣಿಯ ಜನರ ಮುಂದೆ ನಿಂತು, ಆ ಕಲ್ಲು ಇಟ್ಟವನು ನಾನೇ ಎಂದು ತನ್ನ ಬಾಯಿಂದ ಹೇಳಬೇಕು. ಅಷ್ಟು ಹೇಳಿಸುವವರೆಗೆ ಸೂರಿಲ್ಲದಿದ್ದರೂ ಸರಿ, ಸುಖವಿಲ್ಲದಿದ್ದರೂ ಸರಿ ಎಂದು ಅವಳು ನಿಶ್ಚಯಿಸಿಯಾಗಿತ್ತು.

ಜಮಖಂಡಿಯ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಎರಡು ಮೂರು ವರ್ಷವಾಗಿದ್ದ ಕಾಲ ಅದು. ಗುಡ್ಡದ ಕೆಳಗಿನ ಈ ಓಣಿಯಲ್ಲಿ ಇದ್ದವರೆಲ್ಲ ಬೀರೇಶ್ವರನ ಒಕ್ಕಲು. ಕುರಿ ಸಾಕಿದವರು ಕೆಲವರು, ಹೊಲ ಹಿಡಿದವರು ಕೆಲವರು. ಅಪ್ಪಾಸಾಬ ಹೊಲ ಹಿಡಿದವರ ಪೈಕಿ, ಅದರಲ್ಲೂ ಸ್ಥಿತಿವಂತ. ಮಾಯವ್ವನ ಗಂಡ ಅಮಸಿದ್ದಪ್ಪನಿಗೆ ದೊಡ್ಡಪ್ಪನ ಮಗ. ಹಾಗಾಗಿ ಮಾಯವ್ವ ಅವನನ್ನು ಭಾವಾರ ಎಂದೇ ಕರೆಯುತ್ತಿದ್ದಳು. ಗಂಡ ಸತ್ತ ಮೇಲೂ ಹಾಗೆಯೇ ಕರೆದಳು. ಮನಸ್ಸಿನಲ್ಲಿ ಮಾತ್ರ ಅವನಿಗೆ ಬೇರೆ ಹೆಸರುಗಳಿದ್ದವು, ಅವನ್ನು ಇಲ್ಲಿ ಬರೆಯುವುದು ಬೇಡ.

ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಈ ಓಣಿಯಲ್ಲೇ ಇಳಿದು ಹೋಗಬೇಕು. ಹಿಂದಿನಿಂದಲೂ ನೀರು ಹರಿಯುತ್ತಿದ್ದುದು ಅಪ್ಪಾಸಾಬನ ಮಗ್ಗುಲಿಗೆ, ಅವನ ಅಂಗಳದ ಕಟ್ಟೆಗೆ ತಾಗಿಕೊಂಡಿದ್ದ ಗಟಾರದಲ್ಲಿ. ಆ ಅಂಗಳದ ಕೆಳಗೆ ಅವನ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಹೊಟ್ಟೆ ಗಡಿಗೆಯಂತೆ ಅಗಲ. ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ, ನೀರು ತಾಗಬಾರದು ಅಷ್ಟೇ. ತಾಗಿದರೆ ಕೆಟ್ಟಿತು. ಹಿಂದಿನ ವರ್ಷದ ಉತ್ತರಿ ಮಳೆ ಮುಸ್ಸಂಜೆಗೆ ಹಿಡಿದಾಗ ಗಟಾರ ತುಂಬಿ ಅವನ ಕಟ್ಟೆಯ ಸಂದಿಗೆ ನುಗ್ಗತೊಡಗಿತು. ಮಾಳಿಗೆ ಸೋರುತ್ತಿದೆಯೆಂದು ಮಣ್ಣು ತುಳಿಯಲು ಮೇಲೆ ಹತ್ತಿದ್ದ ಮಾಯವ್ವ ಅದನ್ನು ನೋಡಿದಳು. ಗೋಣಿಚೀಲದ ಕೊಪ್ಪೆ ಹೊದ್ದ ಅಪ್ಪಾಸಾಬ ಬಗ್ಗಿ, ಗಟಾರದ ಬಾಯಿಗೆ ಅಡ್ಡಲಾಗಿ ದೊಡ್ಡದೊಂದು ಚಪ್ಪಡಿ ಕೂರಿಸುತ್ತಿದ್ದ. ಕಟ್ಟೆಯ ಮರೆಯಿಂದ ಅವನ ಬೆನ್ನಷ್ಟೇ ಕಂಡಿತು. ಕೆಳಗಿಳಿದು ಬಂದು ಗಂಡನಿಗೆ ಹೇಳಿದರೆ ಅವನು ಮಲಗಿದಲ್ಲಿಂದ ಏಳಲಿಲ್ಲ. ಬೆಳಗಾದ ಮೇಲೆ ಕೇಳೋಣ, ಈಗ ಮಳೆಯಲ್ಲಿ ಜಗಳ ಯಾಕೆ ಎಂದ. ಅಮಸಿದ್ದಪ್ಪ ಅಂಥ ಮನುಷ್ಯ. ಜಗಳವನ್ನು ನಾಳೆಗೆ ಹಾಕುತ್ತ ಹಾಕುತ್ತ ಬದುಕಿದವನು.

ದಾರಿ ತಪ್ಪಿದ ನೀರು ಎದುರಿಗಿದ್ದ ಮಾಯವ್ವನ ಮನೆಯ ಮಣ್ಣುಗೋಡೆಯ ಬುಡ ತೋಯಿಸಿತು. ನಸುಕಿನಲ್ಲಿ ಮಾಯವ್ವ ಕುರಿಮರಿಗಳನ್ನು ನೋಡಲು ಹಿಂದಿನ ಕೊಟ್ಟಿಗೆಗೆ ಹೋಗಿದ್ದಾಗ ಗೋಡೆ ಕುಸಿಯಿತು, ಅದರ ಬೆನ್ನಿಗೇ ಮಾಳಿಗೆಯೂ ಕೆಳಗೆ ಬಂತು. ಓಣಿಯವರು ಓಡಿ ಬಂದು ಮಣ್ಣು ತೋಡಿ ಅಮಸಿದ್ದಪ್ಪನನ್ನು ಹೊರಗೆ ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಅಷ್ಟರಲ್ಲಿ ಗಟಾರ ತನ್ನ ಹಳೆಯ ಜಾಡಿನಲ್ಲೇ ಹರಿಯುತ್ತಿತ್ತು. ಚಪ್ಪಡಿಯ ಸುಳಿವಿರಲಿಲ್ಲ.

ಮಾಯವ್ವ ಹೆಣದ ಮುಂದೆ ಕೂತೇ ಹೇಳಿದಳು, ಇವನು ಕಲ್ಲು ಇಟ್ಟಿದ್ದ, ಈಗ ತೆಗೆದಿದ್ದಾನೆ ಎಂದು. ಓಣಿಯ ಹಿರಿಯ ಚನಮಲ್ಲಪ್ಪ ಅಪ್ಪಾಸಾಬನ ಮುಖ ನೋಡಿದ. ಅಪ್ಪಾಸಾಬ ನೇರ ಬೀರಪ್ಪನ ಗುಡಿಗೆ ನಡೆದು, ದೇವರ ಮುಂದಿನ ಭಂಡಾರವನ್ನು ಮುಷ್ಟಿ ತುಂಬ ಎತ್ತಿ, ನಾನು ಗಟಾರ ಮುಟ್ಟಿಲ್ಲ ಎಂದ. ಅಲ್ಲಿಗೆ ಮುಗಿಯಿತು. ಆ ಓಣಿಯಲ್ಲಿ ಭಂಡಾರ ಎತ್ತಿದವನ ಮೇಲೆ ಮರುಮಾತಿಲ್ಲ, ಬೀರಪ್ಪನ ಒಕ್ಕಲಿನವನು ಆ ಅರಿಶಿನ ಹಿಡಿದು ಸುಳ್ಳಾಡುವುದನ್ನು ಯಾರೂ ಕಂಡಿರಲಿಲ್ಲ. ಅದರ ಮೇಲೆ ಮಾಯವ್ವ ಎಷ್ಟು ಬಡಬಡಿಸಿದರೂ, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಹೆಂಗಸರು ಅವಳ ಬೆನ್ನು ಸವರಿದರು. ಸುಳ್ಳುಗಾತಿ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಬೆನ್ನು ಸವರುವಿಕೆಯನ್ನು ತಡೆದುಕೊಳ್ಳಲಿಲ್ಲ. ಅಂದಿನಿಂದ ಅವಳು ಆ ಮಾತನ್ನೇ ಬಿಟ್ಟಳು, ಸೇಡನ್ನು ಬಿಡಲಿಲ್ಲ.

ಓಣಿಯಲ್ಲಿ ಅವಳಿಗೆ ಒಂದು ತಂಪಿದ್ದರೆ ಅದು ಅಪ್ಪಾಸಾಬನ ಹೆಂಡತಿ ಬೋರವ್ವ. ನೆಗೆಣ್ಣಿ ಎಂಬ ಹೆಸರಿಗಲ್ಲ, ಒಡಹುಟ್ಟಿದವಳಂತೆ ನೋಡಿಕೊಂಡಳು. ಅಮಸಿದ್ದಪ್ಪನ ಹೆಣದ ಮೇಲೆ ಬಿದ್ದು ಅತ್ತವರಲ್ಲಿ ಅವಳೇ ಮೊದಲು. ಆಮೇಲೆ ತಿಂಗಳುಗಟ್ಟಲೆ ರೊಟ್ಟಿ ಪಲ್ಯ ತಂದು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟು, ಉಣ್ಣುವವರೆಗೆ ಕೂತಿದ್ದು ಹೋಗುತ್ತಿದ್ದಳು. ಇಂಥ ಹೆಂಗಸಿಗೆ ಅಂಥ ಗಂಡನೇ ಎಂದು ಮಾಯವ್ವ ಮರುಗುತ್ತಿದ್ದಳು. ತಾನು ಮಾಡಲಿರುವುದರಲ್ಲಿ ಬೋರವ್ವನ ಅನ್ನಕ್ಕೂ ಕುತ್ತು ಬರುತ್ತದಲ್ಲ ಎಂಬ ಒಂದೇ ಚಿಂತೆ ಅವಳನ್ನು ಚಳಿಗಾಲವಿಡೀ ಕಾಡಿತ್ತು.

ಇನ್ನು ಅವಳು ಮಾಡಲಿದ್ದುದು ಏನು ಎಂಬುದು. ಬಿದ್ದ ಮನೆಯ ಪಡಸಾಲೆಯ ಕೆಳಗೂ ಒಂದು ಹಗೇವು ಹೂತುಹೋಗಿತ್ತು. ಅವಳು ಮದುವೆಯಾಗಿ ಬರುವ ಮೊದಲೇ ಅವಳ ಮಾವ ತೋಡಿಸಿದ್ದು. ತೋಡುವಾಗ ನಡುವೆ ಸಡಿಲವಾದ ಗರಸಿನ, ಅಂದರೆ ನುರುಜುಗಲ್ಲಿನ ಮಣ್ಣಿನ, ಒಂದು ಪದರು ಸಿಕ್ಕಿತು. ಮೊದಲ ಮಳೆಗೇ ಹಗೇವಿನೊಳಗೆ ನೀರು ಬಂತು. ಬಂದ ನೀರು ನಿಲ್ಲಲೂ ಇಲ್ಲ, ಗರಸಿನಲ್ಲೇ ಇಂಗಿ ಹೋಯಿತು. ಆ ವರ್ಷ ಎದುರಿನ ಹಗೇವು ತೆಗೆದು ನೋಡಿದರೆ ಈ ಮಗ್ಗುಲಿನ ಜೋಳವೆಲ್ಲ ಕಪ್ಪಾಗಿ ಹುಳಿನಾತ ಹೊಡೆಯುತ್ತಿತ್ತಂತೆ. ಇಲ್ಲಿ ಇಂಗಿದ ನೀರು ಓಣಿಯ ಅಡಿಯಿಂದ ಅಲ್ಲಿಗೆ ಹೋಗುತ್ತದೆ ಎಂದು ಹಿರಿಯರಿಗೆ ಅರ್ಥವಾಯಿತು. ಕೂಡಲೇ ಇದನ್ನು ಎರೆಮಣ್ಣು ಹಾಕಿ ಬಡಿದು ಮುಚ್ಚಿಸಿದರು. ಮುಚ್ಚಿಸಿದ ಎರಡೂ ಮನೆಯ ಗಂಡಸರೆಲ್ಲ ಈಗ ಮಣ್ಣಾಗಿದ್ದರು. ಅಪ್ಪಾಸಾಬ ಆಗ ಚಿಕ್ಕವನು, ಅವನಿಗೆ ಗೊತ್ತಿರಲಿಲ್ಲ. ಮಾಯವ್ವನಿಗೆ ಅತ್ತೆ ಹೇಳಿದ್ದಳು. ಪಡಸಾಲೆಯಲ್ಲಿ ನೀರು ಚೆಲ್ಲಿದರೆ ಬೈಯುತ್ತಿದ್ದ ಅತ್ತೆ, ಯಾಕೆ ಬೈಯುತ್ತೇನೆಂದು ವಿವರಿಸುವಷ್ಟು ಒಳ್ಳೆಯವಳು.

ಅಪ್ಪಾಸಾಬನ ಹಗೇವಿಗೆ ಈಗ ಇನ್ನೊಂದು ಗುಟ್ಟು ಇತ್ತು. ಮನೆಯವರ ಊಟಕ್ಕೆ ಬಿಟ್ಟು ಉಳಿದ ಜೋಳವನ್ನು ಸರಕಾರಕ್ಕೆ ಲೆವಿ ಕೊಡಬೇಕೆಂಬ ಕಾಯದೆ ಇತ್ತು. ಅಪ್ಪಾಸಾಬ ಸರಕಾರದ ಲೆಕ್ಕ ಬರೆಯುವ ತಲಾಠಿಯ ಮುಂದೆ ಕೈ ಮುಗಿದು ಬೆಳೆ ಬಂದಿಲ್ಲ ಎಂದಿದ್ದ. ಹಗೇವು ಹಾಳುಬಿದ್ದಿದೆ ಎಂದಿದ್ದ. ಹೋಳಿಯ ಹೊತ್ತಿಗೆ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆಯನ್ನು ಅಂಗಳಕ್ಕೆ ಅಡ್ಡವಾಗಿ ಒಟ್ಟಿ, ಅದರ ಮರೆಯಲ್ಲಿ ಗಂಡಹೆಂಡಿರು ಚೀಲ ಸುರಿದದ್ದನ್ನು ಮಾಯವ್ವ ಬಣವೆಗೆ ಓರೆಯಾಗಿದ್ದ ಕೊಟ್ಟಿಗೆಯ ಸಂದಿಯಿಂದ ಕಣ್ಣು ತುಂಬ ನೋಡಿದ್ದಳು. ತಲಾಠಿಗೆ ಒಂದು ಮಾತು ಹೇಳಿದ್ದರೆ ಜೋಳ ಹೋಗುತ್ತಿತ್ತು, ದಂಡ ಬೀಳುತ್ತಿತ್ತು. ಅಷ್ಟಕ್ಕೆ ಅವನು ಕಲ್ಲಿನ ಮಾತು ಹೇಳುತ್ತಿದ್ದನೇ? ಇಲ್ಲ. ಜೋಳ ಅವನ ಕಾಲಡಿಯಲ್ಲೇ ಕೊಳೆಯಬೇಕು, ಅವನು ಅದನ್ನು ಯಾರಿಗೂ ಹೇಳಲಾಗಬಾರದು, ತಾನಾಗಿ ತನ್ನ ಬಾಗಿಲಿಗೆ ಬರಬೇಕು. ಹೀಗಿತ್ತು ಅವಳ ಲೆಕ್ಕ.

ಹುನ್ನೂರಿನಿಂದ ಅವಳ ಅಣ್ಣ ಮಲಕಾಜಪ್ಪ ಬಂದ. ತಂಗಿ ತೋಡಿದ ಕುಣಿಯನ್ನು ಇಣುಕಿ ನೋಡಿ, ಇದೆಂಥ ಅಡಿಪಾಯ ಎಂದು ಬೆರಗಾದ. ಮರಮಟ್ಟು ತಾನು ತರುತ್ತೇನೆ, ಗೋಡೆ ಕಟ್ಟಿಸೋಣ ಎಂದ. ಮಾಯವ್ವ ಒಪ್ಪಲಿಲ್ಲ. ಓಣಿಯವರಿಗೆ ಹೇಳಿದ್ದನ್ನೇ ಅವನಿಗೂ ಹೇಳಿದಳು: ಓಣಿಯ ನೀರು ನನ್ನ ಗಂಡನನ್ನು ತಿಂದಿತು, ಇನ್ನು ಯಾರ ಮನೆಗೂ ಅದು ನುಗ್ಗಬಾರದು, ಅದಕ್ಕೆ ಇಂಗಲು ಒಂದು ಜಾಗ ಮಾಡಿಕೊಡುತ್ತೇನೆ. ಕೇಳಿದವರ ಕಣ್ಣು ಒದ್ದೆಯಾದವು. ಹೇಳುವಾಗ ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು.

ಅಣ್ಣ ಎರೆಮಣ್ಣನ್ನೆಲ್ಲ ಕಿತ್ತು ಹಾಕಲು ನೆರವಾದ. ಗರಸಿನ ಪದರು ಕಂಡಾಗ ಮಾಯವ್ವ ಕೆಳಗಿಳಿದು ಅದನ್ನು ಕೈಯಿಂದ ಮುಟ್ಟಿ ನೋಡಿದಳು. ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಹಳ್ಳದ ಮರಳು ಎಂದು ಗೊತ್ತುಮಾಡಿದರು. ನೀರಿನ ಜೊತೆ ಬರುವ ರಾಡಿ ಮರಳಿನಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಗರಸಿನ ಕಣ್ಣು ಕಟ್ಟಿಕೊಂಡು ಹೊಂಡ ನೀರು ಕುಡಿಯುವುದಿಲ್ಲ. ಇಷ್ಟು ಕಲ್ಲು ಎಲ್ಲಿಂದ ತರುವುದು ಎಂದು ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದಾಗ ಎದುರಿನ ಬಾಗಿಲು ತೆರೆಯಿತು. ಅಪ್ಪಾಸಾಬನೇ ಬಂದ. ಓಣಿಯ ನಾಲ್ಕು ಜನರ ಮುಂದೆ, ನನ್ನ ತಮ್ಮನ ಹೆಸರಲ್ಲಿ ಆಗುವ ಕೆಲಸ, ಕಲ್ಲು ನಾನು ಕೊಡುತ್ತೇನೆ ಎಂದ. ಎರಡು ಗಾಡಿ ಕಲ್ಲು ಬಂತು. ಮರುದಿನ ಅವನೇ ನಿಂತು, ತನ್ನ ಕಟ್ಟೆಗೆ ತಾಗಿಕೊಂಡಿದ್ದ ಗಟಾರವನ್ನು ಮುಚ್ಚಿಸಿ ಓಣಿಯ ನೀರನ್ನೆಲ್ಲ ಈ ಹೊಂಡದ ಕಡೆಗೆ ತಿರುಗಿಸಿದ. ತನ್ನ ಹಗೇವಿನ ಪಕ್ಕದಿಂದ ನೀರು ತೊಲಗಿತು ಎಂಬ ಹಿಗ್ಗು ಅವನಿಗೆ. ಜೊತೆಗೆ ಊರಲ್ಲಿ ಹೆಸರು.

ಆ ಸಂಜೆ ಮಾಯವ್ವ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಒಳ್ಳೆಯ ನಗುವಲ್ಲ, ಆದರೂ ಹೊಟ್ಟೆ ತಂಪಾಗುವಂಥ ನಗು.

ಮೃಗದ ಮಳೆ ತುಸು ಹನಿಸಿ ಹೋಯಿತು. ಮಘೆ ಮಳೆ ಚೆನ್ನಾಗಿ ಹಿಡಿಯಿತು. ಗುಡ್ಡದಿಂದ ಕೆಂಪಾಗಿ ಇಳಿದ ನೀರು ಓಣಿ ತುಂಬಿಕೊಂಡು ಬಂದು, ಮಾಯವ್ವನ ಹೊಂಡದ ಬಾಯಲ್ಲಿ ಬಿದ್ದು, ಗಟಗಟನೆ ಒಳಗೆ ಹೋಗುತ್ತಿತ್ತು. ಮಳೆ ನಿಂತ ಅರ್ಧ ದಿನದಲ್ಲಿ ಹೊಂಡ ಖಾಲಿ. ಜನ ನಿಂತು ನೋಡಿದರು. ಮೊಣಕಾಲುದ್ದ ರಾಡಿ ಇರುತ್ತಿದ್ದ ಓಣಿಯಲ್ಲಿ ಚಪ್ಪಲಿ ಮೆಟ್ಟಿ ಓಡಾಡಿದರು. ಕೆಳಗಿನ ಕೇರಿಯ ಸಿಹಿನೀರಿನ ಬಾವಿಯಲ್ಲಿ, ದೀಪಾವಳಿಗೂ ಮೇಲೇರದ ನೀರು ಈ ಸಲ ಹುಬ್ಬಿಯಲ್ಲೇ ಮೆಟ್ಟಿಲು ಏರಿತು. ಗರಸಿನ ಜಾಡು ಅಪ್ಪಾಸಾಬನ ಅಂಗಳದಡಿ ಹಾದು ಆ ಬಾವಿಯವರೆಗೂ ಹೋಗುತ್ತಿತ್ತೆಂದು ಕಾಣುತ್ತದೆ. ನೀರು ಸೇದುವ ಹೆಂಗಸರು ಮಾಯವ್ವನ ಹೆಸರು ಹೇಳಿ ಕೊಡ ಎತ್ತುತ್ತಿದ್ದರು. ಮುನಸಿಪಾಲ್ಟಿಯ ಒಬ್ಬ ಸಾಹೇಬರೂ ಬಂದು ನೋಡಿ, ಬೇರೆ ಓಣಿಗಳಿಗೂ ಇಂಥದ್ದು ಬೇಕು ಎಂದು ಹೋದರು.

ಹೊಗಳಿಕೆಯೆಲ್ಲ ಅವಳಿಗೆ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿತ್ತು. ಬಾವಿ ತುಂಬಲಿ, ಬಿಡಲಿ, ಅವಳ ಕಣ್ಣು ಎದುರಿನ ಅಂಗಳದ ಮೇಲೆ. ಮಳೆ ಸುರಿಯುವಾಗ ಗೋಣಿಚೀಲ ಹೊದ್ದು ಹೊಂಡದ ದಂಡೆಯಲ್ಲಿ ಕೂತಿರುತ್ತಿದ್ದಳು, ಕಸಕಡ್ಡಿ ಬಂದು ಬಾಯಿ ಕಟ್ಟದಂತೆ ಕೋಲಿನಿಂದ ಸರಿಸುತ್ತಿದ್ದಳು. ಹೋಗು, ಒಳಗೆ ಹೋಗು, ಅವನ ಜೋಳದ ಬುಡಕ್ಕೆ ಹೋಗು ಎಂದು ಒಳಗೊಳಗೇ ನೀರಿಗೆ ಹೇಳುತ್ತಿದ್ದಳು. ಜೋಳ ತೋಯ್ದು ಉಬ್ಬುವುದು, ಮೊಳಕೆಯೊಡೆಯುವುದು, ಮೊಳಕೆ ಸತ್ತು ಕಾವೇರುವುದು, ಎಲ್ಲವನ್ನೂ ಅವಳು ಮನಸ್ಸಿನಲ್ಲೇ ಕಾಣುತ್ತಿದ್ದಳು. ಅಷ್ಟು ಕಾಳು ಹಾಳಾಗುತ್ತದಲ್ಲ ಎಂಬ ಸಂಕಟ ಒಕ್ಕಲಗಿತ್ತಿಯಾದ ಅವಳಿಗೂ ಇತ್ತು. ಬಂದಷ್ಟೇ ಬೇಗ ಅದನ್ನು ನುಂಗಿಕೊಂಡಳು.

ಮಘೆ ಹುಬ್ಬಿ ಕಳೆದು ಉತ್ತರಿ ಬರುವಷ್ಟರಲ್ಲಿ ಅಂಗಳದ ನೆಲ ತುಸು ಕುಸಿಯಿತು. ಗಾಳಿ ತಿರುಗಿದಾಗ ಹುಳಿನಾತ ಬರತೊಡಗಿತು. ಬೋರವ್ವ ಕಣಿಕೆ ಕೊಳೆತಿದೆ ಎಂದು ಜನರಿಗೆ ಹೇಳಿ ಬಣವೆ ಕೆದರಿ ಹಾಕಿದಳು. ಅಪ್ಪಾಸಾಬನ ತಾಯಿ ಹಾಸಿಗೆ ಹಿಡಿದು ಒಳಗೋಣೆಯಲ್ಲಿ ಬಿದ್ದಿದ್ದ ಮುದುಕಿ, ಕಣ್ಣು ಕಾಣದವಳು. ಮಳೆಯ ದಿನ ಎದುರಿನಿಂದ ನೀರು ಬೀಳುವ ಸದ್ದು ಕೇಳಿ, ಅದೆಲ್ಲಿ ಬೀಳುತ್ತಿದೆ ಎಂದು ಕೇಳಿದಳು. ಹೇಳಿದ ಕೂಡಲೇ ಹಣೆ ಬಡಿದುಕೊಂಡು ಹಳೆಯ ಹಗೇವಿನ ಕಥೆಯನ್ನೆಲ್ಲ ಮಗನಿಗೆ ಹೇಳಿದಳು. ಅವಳ ಗೋಳು ಓಣಿಯ ಈಚೆಗೂ ಕೇಳಿಸಿತು. ಮಾಯವ್ವ ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬರುವವನಿಗಾಗಿ ಕಾದಳು.

ಅಪ್ಪಾಸಾಬ ಬಂದ. ಮೊದಲು ನಯವಾಗಿ ಶುರುಮಾಡಿದ. ಹೆಣ್ಣುಮಗಳು ಎಷ್ಟು ದಿನ ಕುರಿಗಳ ಜೊತೆ ಮಲಗುವುದು, ಹೊಂಡ ಮುಚ್ಚಿಬಿಡು, ಅದೇ ಜಾಗದಲ್ಲಿ ಕಲ್ಲಿನ ಗೋಡೆಯ ಮನೆಯನ್ನು ತಾನು ಕಟ್ಟಿಸಿ ಕೊಡುತ್ತೇನೆ ಎಂದ. ಸಾಗವಾನಿಯ ಬಾಗಿಲು ಎಂದ. ತಮ್ಮನ ಋಣ ಎಂದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮಾಯವ್ವ ತಲೆ ಎತ್ತಿದಳು.

"ಮನಿ ಬ್ಯಾಡ್ರಿ ಭಾವಾರ. ಆ ಕಲ್ಲು ಯಾರು ಇಟ್ರು ಅನ್ನೂದು ಚನಮಲ್ಲಪ್ಪಜ್ಜನ ಮುಂದ ಹೇಳ್ರಿ. ಹೊಂಡಾ ಇವತ್ತ ಮುಚ್ಚತೇನಿ."

ಅಪ್ಪಾಸಾಬ ಏನೂ ಅರಿಯದವನಂತೆ, ಯಾವ ಕಲ್ಲು ಎಂದ. ಮಾಯವ್ವ ಕೋಲು ಎತ್ತಿಕೊಂಡು ಹೊಂಡದ ಬಾಯಿಯ ಕಸ ಸರಿಸತೊಡಗಿದಳು. ಅವನು ಹೇಳಿದರೆ ಭಂಡಾರ ಸುಳ್ಳಾಗುತ್ತದೆ, ಓಣಿಯಲ್ಲಿ ನೀರು ಬೆಂಕಿ ಕೊಡುವವರಿರುವುದಿಲ್ಲ. ಹೇಳದಿದ್ದರೆ ಜೋಳ ಕೊಳೆಯುತ್ತದೆ. ಅವನು ಜೋಳವನ್ನು ಇನ್ನೊಂದು ದಾರಿಯಿಂದ ಉಳಿಸಿಕೊಳ್ಳುತ್ತೇನೆಂದು ಹೊರಟ. ಚನಮಲ್ಲಪ್ಪನ ಕಟ್ಟೆಗೆ ಹೋಗಿ, ಹೊಂಡದಿಂದ ಸೊಳ್ಳೆ ಹೆಚ್ಚಾಗಿವೆ, ಚಳಿಜ್ವರ ಬರುತ್ತದೆ, ಮುಚ್ಚಿಸಬೇಕು ಎಂದು ದೂರು ಹೇಳಿದ. ಹಿರಿಯರು ಬಂದು ನೋಡಿದರೆ ಹೊಂಡದಲ್ಲಿ ಹನಿ ನೀರಿಲ್ಲ, ಸೊಳ್ಳೆ ಎಲ್ಲಿಂದ? ಬಾವಿಯ ಕಡೆಯ ಹೆಂಗಸರು ಸೊಂಟಕ್ಕೆ ಕೈಯಿಟ್ಟು ನಿಂತರು. ಕಲ್ಲು ಕೊಟ್ಟವನೂ ನೀನೇ, ಗಟಾರ ತಿರುಗಿಸಿದವನೂ ನೀನೇ, ಈಗ ಮುಚ್ಚು ಅನ್ನುವವನೂ ನೀನೇ, ನಿನಗೇನಾಗಿದೆಯಪ್ಪಾ ಎಂದು ಚನಮಲ್ಲಪ್ಪ ಕೇಳಿದ. ಅಪ್ಪಾಸಾಬ ಮುಖ ತಗ್ಗಿಸಿ ಮನೆಯ ಕಡೆ ತಿರುಗಿದ. ಮಾಯವ್ವ ಅವನ ಒದ್ದಾಟವನ್ನು ಹಬ್ಬದೂಟದಂತೆ ಸವಿದಳು.

ಮಳೆ ನಾಲ್ಕು ದಿನ ಹೊಳವು ಕೊಟ್ಟಿತು. ಓಣಿಯಲ್ಲಿ ದುಡಿಯುವವರೆಲ್ಲ ಕಸ ತೆಗೆಯಲು ಹೊಲಕ್ಕೆ ಹೋದರು. ಮಟಮಟ ಮಧ್ಯಾಹ್ನ ಎದುರಿನ ಬಣವೆಯ ಹಿಂದೆ ಗುದ್ದಲಿಯ ಸದ್ದಾಯಿತು. ಚಪ್ಪಡಿ ಸರಿದ ಸದ್ದಾಯಿತು. ಆಮೇಲೆ ಬಂದ ನಾತಕ್ಕೆ ಮಾಯವ್ವನ ಕುರಿಗಳು ತಲೆ ಒದರಿದವು. ಒಳಗಿನ ವಿಷಗಾಳಿ ಹೋಗಲೆಂದು ಹಗೇವು ತೆಗೆದವರು ಬಾಯಿ ತೆರೆದು ಒಂದು ದಿನವಾದರೂ ಬಿಡಬೇಕು, ದೀಪ ಇಳಿಸಿ ನೋಡಬೇಕು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ಓಣಿಯಲ್ಲಿ ಇದನ್ನು ತಿಳಿಯದವರಿರಲಿಲ್ಲ. ಆದರೆ ಒಂದು ದಿನ ತೆರೆದಿಟ್ಟರೆ ನಾತ ಇಡೀ ಊರಿಗೆ ಸುದ್ದಿ ಹೇಳುತ್ತದೆ. ನೀರು ತಾಗದೆ ಉಳಿದ ಮಗ್ಗುಲಿನ ಜೋಳವನ್ನಾದರೂ ಜನ ಬರುವಷ್ಟರಲ್ಲಿ ಎತ್ತಿಕೊಳ್ಳಬೇಕೆಂದು ಅಪ್ಪಾಸಾಬ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದುಬಿಟ್ಟ. ಮೇಲೆ ಹಗ್ಗ ಹಿಡಿದು ಬೋರವ್ವ.

ಸ್ವಲ್ಪ ಹೊತ್ತಿಗೆ ಬೋರವ್ವ ಕಿರುಚಿ ಮಾಯವ್ವನನ್ನು ಕರೆದಳು. ಹತ್ತಿರದಲ್ಲಿ ಇದ್ದವಳು ಅವಳೊಬ್ಬಳೇ. ಮಾಯವ್ವ ಓಡಿ ಹೋದಳು, ಅದನ್ನು ಹೇಳಲೇಬೇಕು. ಬಣವೆ ದಾಟಿ ನೋಡಿದರೆ ಬೋರವ್ವ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಮ್ಮಡಿ ಊರಿ ಜಗ್ಗುತ್ತಿದ್ದಳು, ಹಗ್ಗ ಏರುತ್ತಿರಲಿಲ್ಲ. ಮಾಯವ್ವ ಸೇರಿದ ಮೇಲೆ ಏರಿತು. ಇಬ್ಬರೂ ಎಳೆದೆಳೆದು, ಹಗೇವಿನ ಬಾಯಿಗೆ ಅವನ ತಲೆ ಬಂತು. ತಲೆಗೂದಲ ತುಂಬ ಕಪ್ಪು ಜೋಳ, ತುಟಿ ನೀಲಿ. ಎರಡು ಸಲ ಗಾಳಿ ಎಳೆದುಕೊಂಡು ಕಣ್ಣು ಬಿಟ್ಟ. ಕಿರುಚಿದ್ದು ಕೇಳಿ ಬಾವಿಯ ಹೆಂಗಸರೂ, ಅವರ ಹಿಂದೆ ಕೋಲೂರಿಕೊಂಡು ಚನಮಲ್ಲಪ್ಪನೂ ಅಂಗಳಕ್ಕೆ ಬಂದರು. ಕೊಳೆತ ಜೋಳವನ್ನು ನೋಡಿದರು, ಮೂಗಿಗೆ ಸೆರಗು ಹಿಡಿದರು. ಯಾರೂ ಮುಂದೆ ಬರುವ ಮೊದಲೇ ಮಾಯವ್ವ ಎಳೆಯುವುದನ್ನು ನಿಲ್ಲಿಸಿದಳು.

ಗಂಡನ ತಲೆ ಕಂಡ ಬೋರವ್ವ ಸೊಂಟದ ಹಗ್ಗ ಬಿಚ್ಚಿಕೊಂಡಿದ್ದಳು. ಮಾಯವ್ವ ಹಿಂದಕ್ಕೆ ಬಾಗಿ ಹಗ್ಗವನ್ನು ತಾನೊಬ್ಬಳೇ ತಡೆದು ನಿಂತಳು. ಹೀಗೆ ಆಗುತ್ತದೆಂದು ಅವಳು ಎಣಿಸಿರಲಿಲ್ಲ. ಎಣಿಸದೆ ಸಿಕ್ಕಿದ್ದನ್ನು ಬಿಡುವ ಹೆಂಗಸೂ ಆಗಿರಲಿಲ್ಲ.

"ಈಗ ಹೇಳ್ರಿ ಭಾವಾರ. ಎಲ್ಲಾರೂ ಅದಾರ. ಕಲ್ಲು ಯಾರು ಇಟ್ರು?"

ಅಪ್ಪಾಸಾಬ ಜನರ ಮುಖ ನೋಡಿದ. ತೆರೆದ ಬಾಯಿ ಮುಚ್ಚಿದ. ಗಾಳಿ ಸಿಕ್ಕ ಕೂಡಲೇ ಅವನಿಗೆ ಮಾನದ ನೆನಪಾಗಿತ್ತು. ಮಾಯವ್ವ ಹಗ್ಗವನ್ನು ತುಸು ಸಡಿಲ ಬಿಟ್ಟಳು. ಅವನ ಗದ್ದ, ಆಮೇಲೆ ಮೂಗು ಹಗೇವಿನ ಬಾಯಂಚಿನ ಕೆಳಗೆ ಇಳಿದವು. ಬೆರಳು ಮಣ್ಣು ಕೆದರಿದವು. ಚನಮಲ್ಲಪ್ಪ ಬೇಡವ್ವಾ ಎಂದು ಮುಂದೆ ಬಂದ, ಅವಳ ಕಣ್ಣು ನೋಡಿ ಅಲ್ಲೇ ನಿಂತ. ಗಂಡನ ಎದೆಯ ಮೇಲೆ ಬಿದ್ದ ಮಣ್ಣಿನ ಭಾರವೆಲ್ಲ ಆಗ ಅವಳ ಮುಂಗೈಯಲ್ಲಿತ್ತು. ಹೇಳು, ಇಲ್ಲ ಸಾಯಿ, ಎರಡರಲ್ಲಿ ಯಾವುದಾದರೂ ಸರಿ ಎಂದು ಅವಳಿಗೆ ನಿಜವಾಗಿಯೂ ಅನಿಸಿತು.

ಬೋರವ್ವ ಬಂದು ಅವಳ ಕಾಲು ಹಿಡಿದುಕೊಂಡಳು.

"ಅವರನ್ನ ಬಿಡಬ್ಯಾಡ ಮಾಯವ್ವಾ. ನಾ ಹೇಳತೇನಿ. ಕಲ್ಲು ಅವರ ಇಟ್ಟದ್ದು. ಆ ಕಡೀ ತುದಿ ನಾ ಹಿಡದಿದ್ನಿ. ಗ್ವಾಡಿ ಬಿದ್ದ ಮ್ಯಾಲ ತಗಿಯೂ ಮುಂದನೂ ನಾನ ಹಿಡದೀನಿ. ಮದಲ ಕಲ್ಲು ತಗಿಯೂಣು, ಆಮ್ಯಾಲ ಜನಾ ಕರಿಯೂಣು ಅಂದಾಕಿನೂ ನಾನ."

ಮಾಯವ್ವನ ಕಿವಿಗೆ ಕೊನೆಯ ಮಾತೊಂದೇ ನೆಟ್ಟಿತು. ಮೊದಲು ಕಲ್ಲು, ಆಮೇಲೆ ಜನ. ಅಮಸಿದ್ದಪ್ಪ ಮಣ್ಣಿನಡಿ ಇನ್ನೂ ಬಿಸಿಯಾಗಿದ್ದಾಗ ಇವರು ಚಪ್ಪಡಿ ಹೊತ್ತಿದ್ದರು. ಅಂಥ ಚಪ್ಪಡಿಯನ್ನು ಒಬ್ಬನಿಂದ ಎತ್ತಲಾಗದು ಎಂಬುದು ಒಂದು ವರ್ಷದಲ್ಲಿ ಒಂದು ಸಲವೂ ಅವಳ ತಲೆಗೆ ಹೊಳೆದಿರಲಿಲ್ಲ. ಮಾಳಿಗೆಯ ಮೇಲಿಂದ ಕಂಡ ಒಂದು ಬೆನ್ನನ್ನೇ ಹಗಲಿರುಳು ಶಪಿಸಿದ್ದಳು. ಇನ್ನೊಂದು ತುದಿ ಹಿಡಿದವಳು ಎದುರಿಗೆ ಕೂತು, ಇನ್ನೊಂದು ರೊಟ್ಟಿ ಹಾಕಿಕೋ ಎನ್ನುತ್ತಿದ್ದಳು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪಾಸಾಬನ ಮೇಲೆ ಇದ್ದದ್ದಕ್ಕಿಂತ ದೊಡ್ಡದು, ಹೊಸದು. ಬಗ್ಗಿ, ಕಾಲು ಹಿಡಿದಿದ್ದ ಕೈಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಗಳಲ್ಲಿ ಹಗ್ಗ ಇಟ್ಟಳು.

"ಹಿಡಕೋ ಅಕ್ಕಾ. ಇದರ ತುದಿನೂ ನೀನ ಹಿಡಿ."

ಹೇಳಿ ತನ್ನ ಕೈ ತೆಗೆದಳು. ಹಗ್ಗ ಸರ್ರನೆ ಜಾರಿತು, ಬೋರವ್ವ ಮುಗ್ಗರಿಸಿ ಹಗೇವಿನ ಬಾಯಿಯವರೆಗೆ ಜಾರಿಹೋದಳು. ಬಾವಿಯ ಹೆಂಗಸರು ಓಡಿ ಬಂದು ಕೈಹಾಕದಿದ್ದರೆ ಇಬ್ಬರೂ ಒಳಗೆ ಹೋಗುತ್ತಿದ್ದರು. ಎಲ್ಲರೂ ಸೇರಿ ಅಪ್ಪಾಸಾಬನನ್ನು ಹೊರಗೆ ಹಾಕಿದರು. ಬದುಕಿದ. ಮಾಯವ್ವ ತಿರುಗಿ ನೋಡಲಿಲ್ಲ, ಓಣಿ ದಾಟಿ ತನ್ನ ಕೊಟ್ಟಿಗೆಗೆ ನಡೆದಳು.

ಮರುದಿನ ತಲಾಠಿ ಬಂದು ಹಗೇವಿನ ಪಂಚನಾಮೆ ಮಾಡಿದ. ಚನಮಲ್ಲಪ್ಪ ಓಣಿಯವರನ್ನು ಗುಡಿಯ ಮುಂದೆ ಕೂಡಿಸಿದ. ಅಪ್ಪಾಸಾಬ ಬರಲಿಲ್ಲ, ಬರಬೇಡ ಎಂದೇ ಹೇಳಿಕಳಿಸಿದ್ದರು. ಅವನ ಜೊತೆ ಮಾತು ನಿಂತಿತು, ಅವನ ಮನೆಯ ಬೆಂಕಿ ನೀರು ನಿಂತಿತು. ಸಂಜೆ ಚನಮಲ್ಲಪ್ಪ ಕೋಲೂರಿಕೊಂಡು ಮಾಯವ್ವನ ಹತ್ತಿರ ಬಂದ. ಹೋದ ವರ್ಷ ನಿನ್ನ ಮಾತು ಕೇಳಲಿಲ್ಲ, ತಪ್ಪಾಯಿತು ಎಂದ. ಮುದುಕನಿಗೆ ಅದು ಹಗುರವಾದ ಮಾತಲ್ಲ. ನೀನು ಕೇಳಿದ್ದು ಆಗಿದೆ, ಹೊಂಡವನ್ನು ಬೇರೆ ಕಡೆ ತೋಡಿಸೋಣ, ಇಲ್ಲಿ ಓಣಿಯವರೇ ಕೂಡಿ ನಿನಗೆ ಮನೆ ಎಬ್ಬಿಸಿ ಕೊಡುತ್ತೇವೆ, ಇನ್ನು ಅವರ ಪಾಡಿಗೆ ಅವರನ್ನು ಬಿಟ್ಟುಬಿಡು ಎಂದ.

ಪಡುವಣದಲ್ಲಿ ಮೋಡ ಏರುತ್ತಿತ್ತು. ಮಾಯವ್ವ ಹೊಂಡದ ಬಾಯಲ್ಲಿ ಸಿಕ್ಕಿಕೊಂಡಿದ್ದ ಜಾಲಿಯ ಕೊಂಬೆಯನ್ನು ಎಳೆದು ಆಚೆ ಒಗೆದಳು, ಕೈಗೆ ಹತ್ತಿದ ಮಣ್ಣನ್ನು ಸೀರೆಗೆ ಒರೆಸಿಕೊಂಡಳು.

"ಒಬ್ಬರಿಗಂತ ತ್ವಾಡಿದ್ನಿ, ಅಜ್ಜಾ. ಈಗ ಇಬ್ಬರಾಗ್ಯಾರ. ಇದು ಇಲ್ಲೇ ಇರಲಿ."